ಏರ್‌ಬ್ಯಾಂಡ್‌ನಲ್ಲಿ ಕರಕರ ಸದ್ದು: ವಿಮಾನ ನಿಲ್ದಾಣದ ಸುತ್ತ ವಿದ್ಯುತ್ ಉಪಕರಣಗಳ ರೇಡಿಯೋ ಅಡಚಣೆ ಪತ್ತೆ ಮತ್ತು ಪರಿಹಾರ

ಟವರ್‌ನ ಸ್ಪೀಕರಿನಲ್ಲಿ ಪೈಲಟ್ ಮಾತಿನ ಜೊತೆಗೆ ಗುಂಯ್ ಅಂತಲೋ ಕರಕರ ಅಂತಲೋ ಬೇಡದ ಸದ್ದು ಬರುತ್ತಿದೆ ಎಂದ ಕೂಡಲೇ ಫೆರೈಟ್ (ವೈರಿನ ಸುತ್ತ ಕೂರಿಸಿ ರೇಡಿಯೋ ಗಲೀಜು ತಡೆಯುವ ಉಂಗುರ), ಫಿಲ್ಟರ್ ಎಂದು ಆರ್ಡರ್ ಹಾಕುವವರೇ ಹೆಚ್ಚು. ಮೂಲ ಯಾವುದೆಂದು ಗೊತ್ತಾಗದೆ ಕೂರಿಸಿದ ಫಿಲ್ಟರ್ ದುಡ್ಡು ತಿನ್ನುತ್ತದೆಯೇ ಹೊರತು ಸದ್ದು ತಿನ್ನುವುದಿಲ್ಲ. ಈ ಕೆಲಸದಲ್ಲಿ ಆವರ್ತನ ಅಳೆಯುವ ಮೊದಲು ಸಮಯ ಅಳೆಯಬೇಕು. ಸದ್ದು ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ, ದಿನದ ಯಾವ ಹೊತ್ತಿನಲ್ಲಿ ಬರುತ್ತದೆ, ಮಳೆ ಹಿಡಿದಾಗ ಏನಾಗುತ್ತದೆ, ಕರೆಂಟ್ ಹೋದಾಗ ಏನಾಗುತ್ತದೆ? ಇಷ್ಟಕ್ಕೆ ಉತ್ತರ ಬರೆದುಕೊಂಡರೆ ಸ್ಪೆಕ್ಟ್ರಮ್ ಅನಲೈಸರ್ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಉಪಕರಣ) ಹೊರತೆಗೆಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಈ ಬರಹ ಶಿವಮೊಗ್ಗದ ಸೋಗಾನೆಯಂಥ ವಿಮಾನ ನಿಲ್ದಾಣದ ವಿದ್ಯುತ್ ವಿಭಾಗದವರಿಗೆ, ಸಂಪರ್ಕ ವಿಭಾಗದ ತಂತ್ರಜ್ಞರಿಗೆ, ಸುತ್ತಲಿನ ಲೈನ್‌ಮನ್‌ಗಳಿಗೆ. ಎರಡು ಎಚ್ಚರಿಕೆ ಮೊದಲೇ ಹೇಳಿಬಿಡಬೇಕು. ಏರ್‌ಬ್ಯಾಂಡ್ (ವಿಮಾನಗಳ ರೇಡಿಯೋಗೆ ಮೀಸಲಾದ ಆವರ್ತನ) ಸೆಟ್ ನಿಲ್ದಾಣದ ಸಂಪರ್ಕ ವಿಭಾಗದ್ದೇ ಆಗಿರಲಿ. ಪರವಾನಗಿ ಇಲ್ಲದವರು ಅದನ್ನು ಹಿಡಿದು ತಿರುಗುವಂತಿಲ್ಲ. ಮತ್ತೆ, ರನ್‌ವೇಗೆ ಸಂಬಂಧಿಸಿದ ಯಾವ ಸ್ವಿಚ್ಚನ್ನೂ ಟವರ್‌ನ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಪರೀಕ್ಷೆಗೆ ಆರಿಸಿದ ದೀಪ ವಿಮಾನ ಇಳಿಯುವಾಗಲೂ ಆರಿದ್ದರೆ ಅದು ಬೇರೆಯೇ ಕಥೆ.

ಯಾವ ಬ್ಯಾಂಡಿಗೆ ಏನು ತೊಂದರೆ

ಮಾತುಕತೆಯ ಬ್ಯಾಂಡ್ 118ರಿಂದ 137 ಮೆಗಾಹರ್ಟ್ಸ್. ಇದು ಇವತ್ತಿಗೂ ಎಎಂ, ಅಂದರೆ ಅಲೆಯ ಎತ್ತರದ ಏರಿಳಿತದಲ್ಲೇ ಮಾತು ಹೊರುವ ಬಗೆ. ಎಫ್‌ಎಂನಲ್ಲಿ ಸಣ್ಣಪುಟ್ಟ ಕಿಡಿಯ ಸದ್ದನ್ನು ರಿಸೀವರ್ ತಾನೇ ಕತ್ತರಿಸಿ ಹಾಕುತ್ತದೆ. ಎಎಂನಲ್ಲಿ ಕಿಡಿ ಹಾರಿದ್ದೆಲ್ಲ ನೇರವಾಗಿ ಕಿವಿಗೆ ಬರುತ್ತದೆ. ಅದಕ್ಕಿಂತ ಕೆಳಗೆ, 108ರಿಂದ 118ರವರೆಗೆ ಐಎಲ್‌ಎಸ್ ಲೋಕಲೈಸರ್ (ಇಳಿಯುವ ವಿಮಾನಕ್ಕೆ ರನ್‌ವೇಯ ನಡುಗೆರೆ ತೋರಿಸುವುದು) ಮತ್ತು ವಿಒಆರ್ (ದಿಕ್ಕು ತೋರಿಸುವುದು). ಇಳಿಯುವ ಕೋನ ತೋರಿಸುವ ಗ್ಲೈಡ್ ಪಾತ್ 329ರಿಂದ 335ರ ಆಸುಪಾಸು, ದೂರ ಅಳೆಯುವ ಡಿಎಂಇ 960ರಿಂದ 1215. ಎನ್‌ಡಿಬಿ (ಹಳೆಯ ಬಗೆಯ ದಾರಿ ತೋರುವ ರೇಡಿಯೋ ಬೀಕನ್) ಇರುವ ಕಡೆ ಅದು ಕೆಲವು ನೂರು ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ.

ಥೈರಿಸ್ಟರ್ (ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುವ ಎಲೆಕ್ಟ್ರಾನಿಕ್ ಸ್ವಿಚ್), ಡಿಮ್ಮರ್, ಮೋಟಾರ್ ಡ್ರೈವ್ (ಮೋಟಾರ್ ವೇಗ ಬದಲಿಸುವ ಸಾಧನ) ಇವುಗಳ ಗಲೀಜು ಕೆಳಗಿನ ಆವರ್ತನದಲ್ಲಿ ಜೋರು, ಮೇಲೆ ಹೋದಂತೆ ಕ್ಷೀಣ. ಹಾಗಾಗಿ ಅವು ಮೊದಲು ಕೆಡಿಸುವುದು ಎನ್‌ಡಿಬಿಯನ್ನು. 120 ಮೆಗಾಹರ್ಟ್ಸ್‌ನಲ್ಲೂ ಸದ್ದು ಜೋರಾಗಿದ್ದರೆ ಎಲ್ಲೋ ಕಿಡಿ ಹಾರುತ್ತಿದೆ, ಇಲ್ಲವೇ ಸ್ವಿಚಿಂಗ್ ಸಪ್ಲೈ ಒಂದು ಹತ್ತಿರದಲ್ಲೇ ಕೂತಿದೆ ಎಂದೇ ಶುರುಮಾಡಿ.

ಮೊದಲು ಸ್ವಂತ ರ‍್ಯಾಕ್ ನೋಡಿ

ಆಂಟೆನಾ ಕೇಬಲ್ ಬಿಚ್ಚಿ, ಆ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿ, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚುವ ನಿಯಂತ್ರಣ) ಪೂರ್ತಿ ತೆರೆದು ಕೇಳಿ. ಸದ್ದು ಹಾಗೇ ಇದ್ದರೆ ಹೊರಗೆ ಅಲೆಯುವ ಕೆಲಸವೇ ಇಲ್ಲ. ರ‍್ಯಾಕ್‌ನ ಪವರ್ ಸಪ್ಲೈ, ಪಕ್ಕದ ನೆಟ್‌ವರ್ಕ್ ಸ್ವಿಚ್, ಯುಪಿಎಸ್, ಯಾರೋ ಹತ್ತಿರ ಚುಚ್ಚಿಟ್ಟ ಮೊಬೈಲ್ ಚಾರ್ಜರ್, ಇಷ್ಟರಲ್ಲೇ ಕಾರಣ ಇರುತ್ತದೆ. ಲೋಡ್ ಹಾಕಿದ ಕೂಡಲೇ ಸದ್ದು ಸತ್ತರೆ ಅದು ಆಂಟೆನಾದಿಂದಲೇ ಬರುತ್ತಿದೆ. ಆಗಲೂ ಮಾಸ್ಟ್ ಹತ್ತಿ ಕನೆಕ್ಟರ್ ಒಳಗೆ ನೀರಿಳಿದಿದೆಯೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ಊರಿನಲ್ಲಿ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತದ ಕನೆಕ್ಟರ್ ಎರಡನೇ ಮಳೆಗಾಲ ಕಾಣುವುದು ಕಷ್ಟ. ಶೀಲ್ಡ್ ಹಸಿರುಗಟ್ಟಿದರೆ ಕೇಬಲ್ಲೇ ಆಂಟೆನಾ ಆಗಿ ಕಟ್ಟಡದ ಎಲ್ಲ ಗಲೀಜನ್ನೂ ಎಳೆದುಕೊಳ್ಳುತ್ತದೆ.

ಮುಂದಿನ ಪ್ರಶ್ನೆ: ಸದ್ದು ಕೇಳುತ್ತಿರುವುದು ಯಾರಿಗೆ? ಟವರ್‌ನವರಿಗೆ ಮಾತ್ರ ಕೇಳಿ ಪೈಲಟ್‌ಗೆ ಕೇಳದಿದ್ದರೆ ಮೂಲ ನೆಲದ ರಿಸೀವರ್ ಆಂಟೆನಾಕ್ಕೆ ಹತ್ತಿರದಲ್ಲಿದೆ. ಪೈಲಟ್‌ಗೆ ಮಾತ್ರ, ಅದೂ ಒಂದು ನಿರ್ದಿಷ್ಟ ಜಾಗ ದಾಟುವಾಗ ಮಾತ್ರ ಕೇಳಿದರೆ ಮೂಲ ಆ ಹಾದಿಯ ಕೆಳಗೆ. ಪೈಲಟ್‌ಗೆ ದೂರದ ಹಾದಿಯುದ್ದಕ್ಕೂ ಕೇಳುತ್ತಿದ್ದರೆ ಅದು ಚಿಕ್ಕ ಉಪಕರಣ ಅಲ್ಲ, ಯಾವುದೋ ಟ್ರಾನ್ಸ್‌ಮಿಟರ್. 3,000 ಮೀಟರ್ ಎತ್ತರದ ವಿಮಾನಕ್ಕೆ ರೇಡಿಯೋ ದಿಗಂತ ಸುಮಾರು 225 ಕಿಲೋಮೀಟರ್ ಇರುತ್ತದೆ, ಶಿವಮೊಗ್ಗದಲ್ಲಿ ಹುಡುಕಿ ಪ್ರಯೋಜನ ಇಲ್ಲದಿರಬಹುದು.

ಕಿವಿಯೇ ಮೊದಲ ಮೀಟರ್

ಒಂದೇ ಸಮ, ಗಡುಸಾಗಿ ಗುಂಯ್‌ಗುಡುವ 100 ಹರ್ಟ್ಸ್ ಸದ್ದು: 50 ಹರ್ಟ್ಸ್ ಕರೆಂಟಿನ ಪ್ರತಿ ಅಲೆಯಲ್ಲಿ ಎರಡು ಸಲ ಹಾರುವ ಕಿಡಿ, ಅಥವಾ ಥೈರಿಸ್ಟರ್. ಎರಡನ್ನೂ ಬೇರ್ಪಡಿಸುವುದು ಸುಲಭ. ದೀಪದ ಬ್ರೈಟ್‌ನೆಸ್ ಹಂತ ಬದಲಿಸಿದಾಗ ಸದ್ದಿನ ದನಿ ಬದಲಾದರೆ ಥೈರಿಸ್ಟರ್. ಬದಲಾಗದೆ ಗಾಳಿ ಬೀಸಿದಾಗ ತುಂಡುತುಂಡಾದರೆ ಲೈನಿನ ಕಿಡಿ. ಸೆಕೆಂಡಿಗೊಂದು ಟಿಕ್ ಬಂದರೆ ತೋಟದ ಸೋಲಾರ್ ಶಾಕ್ ಬೇಲಿ. ಬ್ಯಾಂಡ್ ಉದ್ದಕ್ಕೂ ಮೆತ್ತಗೆ ಹಿಸ್ ಎನ್ನುತ್ತ, ಸುಮಾರು 60–70 ಕಿಲೋಹರ್ಟ್ಸ್‌ಗೊಮ್ಮೆ ಉಬ್ಬು ಕಾಣಿಸಿದರೆ ಎಲ್‌ಇಡಿ ಡ್ರೈವರ್ ಅಥವಾ ಅಡಾಪ್ಟರ್. ಮೋಟಾರ್ ವೇಗದ ಜೊತೆ ಏರಿಳಿಯುವ ಸೀಟಿ ಡ್ರೈವ್‌ನದು. ಹಾಡು, ಜಾಹೀರಾತು ಕೇಳಿದರೆ ಎಫ್‌ಎಂ ಬೆರಕೆ. ಲಯವೇ ಇಲ್ಲದೆ ಆಗೊಮ್ಮೆ ಈಗೊಮ್ಮೆ ಚಟಚಟ ಅಂದರೆ ಸಹ್ಯಾದ್ರಿಯ ಮೇಲೆಲ್ಲೋ ಗುಡುಗುತ್ತಿದೆ, ಸುಮ್ಮನಿರಿ.

ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ: ವೇಳೆ, ಆವರ್ತನ, ಸದ್ದಿನ ಬಗೆ, ಮಳೆಯೋ ಮಂಜೋ ಬಿಸಿಲೋ, ಯಾವ ದೀಪ ಉರಿಯುತ್ತಿತ್ತು, ಯಾವ ಫೀಡರ್‌ನಲ್ಲಿ ಕರೆಂಟ್ ಇತ್ತು. ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಮುಳುಗುವಾಗ ನಿಲ್ಲುವ ಸದ್ದು ಸೋಲಾರ್ ಇನ್ವರ್ಟರ್‌ನದು. ಮಂಜು ಮುಸುಕಿದ ಬೆಳಗ್ಗೆ ಅದೂ ತಡವಾಗಿಯೇ ಏಳುತ್ತದೆ. ಮುಸ್ಸಂಜೆ ಶುರುವಾಗಿ ಬೆಳಗಾಗುವಾಗ ನಿಲ್ಲುವುದು ಬೀದಿದೀಪ, ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಲೈಟ್. ತ್ರೀ ಫೇಸ್ ಕೊಡುವ ಹೊತ್ತಿನಲ್ಲಿ ಮಾತ್ರ ಬರುವುದು ಪಂಪ್‌ಸೆಟ್ ಮತ್ತು ಅದರ ಸುಟ್ಟ ಸ್ಟಾರ್ಟರ್ ಕಾಂಟ್ಯಾಕ್ಟ್. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಬಂದರೆ ಸುಲಿಯುವ ಯಂತ್ರದ ಮನೆಗಳ ಪಟ್ಟಿ ಮಾಡಿ.

ಕರೆಂಟ್ ಹೋಗುವುದು ಇಲ್ಲಿ ಅನುಕೂಲವೇ

ಮಲೆನಾಡಿನ ಮಳೆಗಾಲದಲ್ಲಿ ಪರೀಕ್ಷೆಗೆಂದು ಕರೆಂಟ್ ತೆಗೆಸಬೇಕಾಗಿಲ್ಲ, ತಾನೇ ಹೋಗುತ್ತದೆ. ಆ ಕ್ಷಣ ರಿಸೀವರ್ ಬ್ಯಾಟರಿಯಲ್ಲಿ ನಡೆಯುತ್ತಿರಬೇಕು, ಅಷ್ಟೆ. ಕರೆಂಟ್ ಹೋದ ಕೂಡಲೇ ಸದ್ದು ನಿಂತರೆ ಮೂಲ ಆ ಫೀಡರ್ ಮೇಲೆ, ಅಥವಾ ಅದರಿಂದ ನಡೆಯುವ ಯಂತ್ರದಲ್ಲಿದೆ. ನಿಲ್ಲದಿದ್ದರೆ ಬ್ಯಾಟರಿಯಲ್ಲಿ ಓಡುವ ವಸ್ತು: ಬೇಲಿ, ಯುಪಿಎಸ್, ವಾಹನ. ಕರೆಂಟ್ ಹೋದ ಮೇಲೆಯೇ ಶುರುವಾದರೆ ಮನೆಮನೆಯ ಇನ್ವರ್ಟರ್ ಅಥವಾ ನಿಲ್ದಾಣದ ಜನರೇಟರ್ ಕಡೆ ತಿರುಗಿ. ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರ್‌ಗಳು ಊರಿಡೀ ಒಟ್ಟಿಗೆ ಎದ್ದಾಗ ಕೆಳಗಿನ ಆವರ್ತನಗಳಲ್ಲಿ ಕಿವಿಗಡಚಿಕ್ಕುತ್ತದೆ.

ನಿಲ್ದಾಣದ ಒಳಗಿನ ಹುಡುಕಾಟಕ್ಕೆ ಇದೇ ಉಪಾಯ. ವಿಮಾನ ಇಲ್ಲದ ಹೊತ್ತಿನಲ್ಲಿ ಒಬ್ಬರು ರಿಸೀವರ್ ಹತ್ತಿರ, ಒಬ್ಬರು ಪ್ಯಾನಲ್ ಹತ್ತಿರ ನಿಂತು ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಬನ್ನಿ. ಆಫ್ ಮಾಡಿದ್ದನ್ನು ಕೂಡಲೇ ಆನ್ ಮಾಡಬೇಡಿ, ಆಫ್ ಆಗಿಯೇ ಬಿಡಿ. ಎರಡು ಮೂಲ ಇದ್ದರೆ ಒಂದನ್ನು ಆಫ್ ಮಾಡಿದಾಗ ಇನ್ನೊಂದರ ಸದ್ದಿನಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಹಾಗೆಂದು ನಿಜವಾದ ಕಳ್ಳನನ್ನು ಪಟ್ಟಿಯಿಂದ ಬಿಡುವುದು ಸಾಮಾನ್ಯ.

11 ಕೆವಿ ಲೈನಿನ ಕಿಡಿ, ಮತ್ತು ಮಳೆ ಹೇಳುವ ಗುಟ್ಟು

ಕಂಬದ ಮೇಲೆ ಸಡಿಲವಾದ ಎರಡು ಲೋಹದ ತುಣುಕುಗಳು ಮುಟ್ಟಿಯೂ ಮುಟ್ಟದಂತೆ ನಿಂತರೆ ಅವುಗಳ ನಡುವೆ ಕಿಡಿ ಹಾರುತ್ತದೆ. ಪಿನ್ ಇನ್ಸುಲೇಟರ್ ಮೇಲೆ ಬಿಗಿ ತಪ್ಪಿದ ಬೈಂಡಿಂಗ್ ವೈರ್, ತುಕ್ಕು ಹಿಡಿದ ನಟ್‌ಬೋಲ್ಟ್, ಸರಿಯಾಗಿ ಕೂರದ ಜಿಒಎಸ್ (ಕಂಬದ ಮೇಲಿನ ಲೈನ್ ಸ್ವಿಚ್) ಬ್ಲೇಡ್, ಟಿಸಿಯ (ಟ್ರಾನ್ಸ್‌ಫಾರ್ಮರ್) ಸಡಿಲ ಜಂಪರ್, ಕೂದಲೆಳೆಯಷ್ಟು ಬಿರಿದ ಪಿಂಗಾಣಿ ಇವೇ ಸಾಮಾನ್ಯ ಅಪರಾಧಿಗಳು. ಈ ಬಗೆಯ ಕಿಡಿ ಒಣ ಹವೆಯಲ್ಲಿ ಜೋರು. ಮಳೆ ಹನಿದು ಆ ಸಂದಿ ನೆನೆದರೆ ಕರೆಂಟ್ ನೀರಿನ ಮೂಲಕವೇ ಹರಿದು ಕಿಡಿ ನಿಲ್ಲುತ್ತದೆ. ಅಂದರೆ ಮಾರ್ಚ್–ಏಪ್ರಿಲ್‌ನಲ್ಲಿ ಕಾಡಿಸಿ, ಮೊದಲ ಮಳೆಗೆ ಮಾಯವಾಗಿ, ಎರಡು ದಿನ ಬಿಸಿಲು ಕಾದ ಮೇಲೆ ಮತ್ತೆ ಬಂದರೆ ಅದು ಸಡಿಲ ಹಾರ್ಡ್‌ವೇರ್. ಇದಕ್ಕೆ ವಿರುದ್ಧವಾಗಿ ಮಳೆ, ಮಂಜಿನಲ್ಲೇ ಹೆಚ್ಚುವ ಹಿಸ್ ಸದ್ದು ಕೊಳೆ ಕೂತ ಇನ್ಸುಲೇಟರ್ ಮೇಲೆ ಕರೆಂಟ್ ಹರಿದಾಡುವುದರಿಂದ, ಅಥವಾ ತಂತಿಗೆ ತಾಗಿದ ಕೊಂಬೆ, ಅಡಿಕೆ ಸೋಗೆಯಿಂದ. ಮಳೆಗಾಲ ಮುಗಿಯಲಿ ಆಮೇಲೆ ನೋಡೋಣ ಎಂದು ದೂರು ಮುಂದೂಡಿದರೆ ಈ ಎರಡನೆಯ ಬಗೆ ಕೈಗೇ ಸಿಗುವುದಿಲ್ಲ.

ಕಂಬ ಹುಡುಕುವುದರಲ್ಲಿ ಒಂದು ಕ್ರಮ ಇದೆ. ಕೆಳಗಿನ ಆವರ್ತನದ ಸದ್ದು ತಂತಿಗುಂಟ ಕಿಲೋಮೀಟರ್‌ಗಟ್ಟಲೆ ಹರಿಯುತ್ತದೆ, ನಡುವೆ ಏರಿಳಿದು ದಾರಿ ತಪ್ಪಿಸುತ್ತದೆ. ಮೇಲಿನ ಆವರ್ತನದ್ದು ಹುಟ್ಟಿದ ಜಾಗದ ಸುತ್ತಲೇ ಕೇಳುತ್ತದೆ. ಆದ್ದರಿಂದ ಜೀಪಿನಲ್ಲಿ ಸಾಮಾನ್ಯ ಎಎಂ ರೇಡಿಯೋ ಇಟ್ಟುಕೊಂಡು, ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಬಿಟ್ಟು ಸ್ಟೇಷನ್ ಇಲ್ಲದ ಖಾಲಿ ಜಾಗಕ್ಕೆ ಮುಳ್ಳು ತಿರುಗಿಸಿ, ಯಾವ ಲೈನ್ ಎಂದು ಗೊತ್ತುಮಾಡಿಕೊಳ್ಳಿ. ಅಲ್ಲಿಂದ 120 ಮೆಗಾಹರ್ಟ್ಸ್, ಹತ್ತಿರ ಬಂದಂತೆ 330, ಸಾಧ್ಯವಾದರೆ ಅದಕ್ಕೂ ಮೇಲೆ. 330ರಲ್ಲಿ ಜೋರಾಗಿ ಕೇಳುವ ಕಂಬದ ಹತ್ತಿರವೇ ನೀವು ನಿಂತಿದ್ದೀರಿ. ಕೊನೆಯ ಹೆಜ್ಜೆಗೆ 40 ಕಿಲೋಹರ್ಟ್ಸ್‌ನ ಅಲ್ಟ್ರಾಸೌಂಡ್ ಡಿಟೆಕ್ಟರ್ ಇದ್ದರೆ ಯಾವ ಇನ್ಸುಲೇಟರ್ ಎನ್ನುವುದನ್ನೂ ನೆಲದಿಂದಲೇ ತೋರಿಸುತ್ತದೆ.

ಮೂರು ಕಡ್ಡಿಯ ಯಾಗಿ (ಒಂದೇ ದಿಕ್ಕಿಗೆ ಹೆಚ್ಚು ಕೇಳುವ ಆಂಟೆನಾ) ಇದ್ದರೆ ದಿಕ್ಕು ಸುಲಭ. 120 ಮೆಗಾಹರ್ಟ್ಸ್‌ಗೆ ಅರ್ಧ ಅಲೆ 1.25 ಮೀಟರ್, ತೋಟದೊಳಗೂ ಹೊತ್ತು ನಡೆಯಬಹುದು. ಇಲ್ಲದಿದ್ದರೆ ಹ್ಯಾಂಡ್‌ಹೆಲ್ಡ್ ಸೆಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ನಿಧಾನ ಒಂದು ಸುತ್ತು ತಿರುಗಿ. ಸದ್ದು ತೀರ ಕುಗ್ಗಿದ ಗಳಿಗೆಯಲ್ಲಿ ಮೂಲ ನಿಮ್ಮ ಬೆನ್ನ ಹಿಂದಿದೆ. ಬೇರೆ ಎರಡು ಜಾಗದಿಂದಲೂ ಹೀಗೆ ಮಾಡಿ ನಕ್ಷೆಯ ಮೇಲೆ ಗೆರೆ ಎಳೆಯಿರಿ. ಕಂಬಕ್ಕೆ ಸುತ್ತಿಗೆಯಿಂದ ಬಡಿದು ಸದ್ದು ಬದಲಾಗುತ್ತದೆಯೇ ನೋಡುವ ಹಳೆಯ ಅಭ್ಯಾಸ ಬೇಡ. ಬಿರಿದ ಪಿಂಗಾಣಿ ಒಡೆದು ತಂತಿ ತಲೆಯ ಮೇಲೆ ಬಿದ್ದೀತು. ಕಂಬದ ನಂಬರ್ ಬರೆದು ವಿದ್ಯುತ್ ಕಂಪನಿ ಮೆಸ್ಕಾಂನ ಶಾಖಾ ಕಚೇರಿಗೆ ಕೊಡಿ. ಬರೀ ‘ಲೈನಿನಲ್ಲಿ ಸದ್ದು’ ಎಂದು ಬರೆದರೆ ಲೈನ್‌ಮನ್ ಏನು ಮಾಡಿಯಾನು?

ಸೋಲಾರ್ ಬೇಲಿ

ಕಂಪನಿ ಯಾವುದಾದರೂ ಊರಲ್ಲಿ ಇದನ್ನು ಐಬೆಕ್ಸ್ ಎಂದೇ ಕರೆಯುತ್ತಾರೆ. ತಂತಿಗೆ ಶಾಕ್ ಕೊಡುವ ಪೆಟ್ಟಿಗೆ, ಅಂದರೆ ಎನರ್ಜೈಸರ್, ಹೆಚ್ಚೆಂದರೆ ಸೆಕೆಂಡಿಗೊಂದು ಹೊಡೆತ ಕೊಡುತ್ತದೆ. ಸರಿಯಿರುವ ಬೇಲಿ ಗದ್ದಲ ಮಾಡುವುದಿಲ್ಲ. ಹಂದಿ ನುಗ್ಗಿ ಇನ್ಸುಲೇಟರ್ ಮುರಿದ ಗೂಟ, ಬೆಳೆದು ತಂತಿಗೆ ತಾಗಿದ ಹುಲ್ಲು, ಬರೀ ಕೈಯಲ್ಲಿ ತಿರುಚಿ ಬಿಟ್ಟ ಗಂಟು, ಇಲ್ಲೆಲ್ಲ ಪ್ರತಿ ಹೊಡೆತಕ್ಕೂ ಕಿಡಿ ಹಾರುತ್ತದೆ, ಕಿಲೋಮೀಟರ್ ಉದ್ದದ ತಂತಿ ಅದಕ್ಕೆ ಆಂಟೆನಾ ಆಗುತ್ತದೆ. ಬೆಳಿಗ್ಗೆ ಇಬ್ಬನಿ ಆರುವವರೆಗೆ ಟಿಕ್ ಸದ್ದು, ಮಧ್ಯಾಹ್ನ ಇಲ್ಲ ಎಂದರೆ ಹುಲ್ಲೇ ಕಾರಣ. ತೋಟದವರ ಹತ್ತಿರ ಹೋದಾಗ ಕಾನೂನು ಮಾತಾಡುವ ಬದಲು ‘ಯಜಮಾನ್ರೇ, ಬೇಲಿ ಒಂದ್ ಹತ್ತು ನಿಮಿಷ ಆಫ್ ಮಾಡ್ತೀರಾ’ ಎಂದು ಕೇಳಿ. ಸೋರುವ ಬೇಲಿಯಲ್ಲಿ ಹಂದಿಗೆ ಶಾಕ್ ಕೂಡ ಕಡಿಮೆ ಎಂದು ತಿಳಿದರೆ ಅವರೇ ಕತ್ತಿ ಹಿಡಿದು ಬರುತ್ತಾರೆ. ದುರಸ್ತಿ ಇಷ್ಟೇ: ಹುಲ್ಲು ಸವರುವುದು, ಇನ್ಸುಲೇಟರ್ ಬದಲಿಸುವುದು, ಗಂಟಿನ ಜಾಗಕ್ಕೆ ಬೋಲ್ಟ್ ಕ್ಲ್ಯಾಂಪ್, ಅರ್ತ್ ರಾಡ್ ಜೋಡಣೆ ಬಿಗಿ ಮಾಡುವುದು.

ರನ್‌ವೇ ದೀಪಗಳ ಸರ್ಕಿಟ್

ಇಲ್ಲಿ ನಿಧಾನ ಬೇಕು. ರನ್‌ವೇ ದೀಪಗಳು ಸರಣಿಯಲ್ಲಿರುತ್ತವೆ. ಕಾನ್‌ಸ್ಟಂಟ್ ಕರೆಂಟ್ ರೆಗ್ಯುಲೇಟರ್ ಎಲ್ಲ ದೀಪಗಳಿಗೂ ಒಂದೇ ಕರೆಂಟ್ ನೂಕುತ್ತದೆ. ಐದು ಹಂತದ ರೆಗ್ಯುಲೇಟರ್‌ನಲ್ಲಿ ಅದು 2.8, 3.4, 4.1, 5.2, 6.6 ಆಂಪಿಯರ್. 20 ಕೆವಿಎ ರೆಗ್ಯುಲೇಟರ್ ಪೂರ್ತಿ ಲೋಡ್‌ನಲ್ಲಿ ಸುಮಾರು 3,000 ವೋಲ್ಟ್ ಕೊಡುತ್ತದೆ. ಲೋಡ್ ಇರುವಾಗ ಸರ್ಕಿಟ್ ಬಿಚ್ಚಿದರೆ ಬಿಚ್ಚಿದ ತುದಿಯಲ್ಲಿ ಅಷ್ಟೂ ವೋಲ್ಟೇಜ್ ಕಾದು ನಿಂತಿರುತ್ತದೆ. ರೆಗ್ಯುಲೇಟರ್ ಆಫ್, ಬೀಗ, ಕಟ್‌ಔಟ್ ಹೊರಗೆ. ಇದಾಗದೆ, ದೀಪದ ಟ್ರಾನ್ಸ್‌ಫಾರ್ಮರ್ ಕೂತಿರುವ ನೆಲದ ಗುಂಡಿಯ ಮುಚ್ಚಳ ತೆಗೆಯಬೇಡಿ.

ಥೈರಿಸ್ಟರ್ ರೆಗ್ಯುಲೇಟರ್ ಕೆಳಗಿನ ಹಂತಗಳಲ್ಲಿ ಅಲೆಯನ್ನು ಹೆಚ್ಚು ಕತ್ತರಿಸುವುದರಿಂದ ಹಂತ ಒಂದರಲ್ಲೇ ಗಲೀಜು ಹೆಚ್ಚು, ಐದರಲ್ಲಿ ಕಡಿಮೆ. ಬೆಳಕು ಹೆಚ್ಚಿಸಿದರೆ ಸದ್ದು ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ನಂಬಿ. ಇದಕ್ಕೆ ಔಷಧಿ ರೆಗ್ಯುಲೇಟರ್‌ನ ಇನ್‌ಪುಟ್ ಫಿಲ್ಟರ್, ಅದರ ಅರ್ತಿಂಗ್ ಮತ್ತು ಕ್ಯಾಬಿನೆಟ್ ಬಾಗಿಲಿನ ಬಾಂಡಿಂಗ್ ಪಟ್ಟಿ. ಪೇಂಟ್ ಮೇಲೆ ಕೂರಿಸಿದ ಬೋಲ್ಟ್ ಅರ್ತ್ ಅಲ್ಲ.

ಆದರೆ ವಿಎಚ್‌ಎಫ್‌ನಲ್ಲಿ (ಮಾತುಕತೆಯ ಬ್ಯಾಂಡ್ ಇರುವ ಆವರ್ತನ) ಸದ್ದು ಇದ್ದು, ಮೇಲಿನ ಹಂತಗಳಲ್ಲೇ ಅದು ಹೆಚ್ಚಾಗುವುದಾದರೆ ರೆಗ್ಯುಲೇಟರ್ ಬಿಟ್ಟು ಗುಂಡಿಗಳತ್ತ ನಡೆಯಿರಿ. ಸೋಗಾನೆಯ 3,200 ಮೀಟರ್ ಉದ್ದದ ರನ್‌ವೇಯಂಥದಕ್ಕೆ ಎರಡೂ ಅಂಚಿನಲ್ಲಿ 60 ಮೀಟರಿಗೊಂದು ದೀಪ ಎಂದರೆ ನೂರಕ್ಕೂ ಹೆಚ್ಚು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ದೀಪವನ್ನು ಸರಣಿಯ ಹೈವೋಲ್ಟೇಜ್‌ನಿಂದ ಬೇರ್ಪಡಿಸುವುದು), ಪ್ರತಿಯೊಂದಕ್ಕೂ ಎರಡು ಪ್ರೈಮರಿ ಕನೆಕ್ಟರ್. ಗುಂಡಿಯಲ್ಲಿ ನೀರು ನಿಂತು ಒಂದು ಕನೆಕ್ಟರ್‌ನ ಒಳಗೆ ಇಳಿದರೆ ಸಾಕು, ಪಿನ್ ಕಪ್ಪಾಗಿ ಕಿಡಿ ಹಾರಲು ಶುರು. ಸರ್ಕಿಟ್ ಬೇರ್ಪಡಿಸಿ 1,000 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಅರ್ತ್‌ಗೆ ಅಳೆಯಿರಿ. ಹೊಸ ಸರ್ಕಿಟ್‌ನಲ್ಲಿ 50 ಮೆಗಾಓಮ್ ನಿರೀಕ್ಷಿಸಬಹುದು. ಹಳೆಯದರಲ್ಲಿ ಅಂಕಿಗಿಂತ ಇಳಿಕೆ ಮುಖ್ಯ. ಒಣ ದಿನ ಒಂದು ಓದು, ಜೋರು ಮಳೆಯ ಮರುದಿನ ಒಂದು ಓದು ಇಟ್ಟುಕೊಳ್ಳಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಸರ್ಕಿಟ್ಟನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಿ, ಕೆಟ್ಟ ಭಾಗವನ್ನು ಮತ್ತೆ ಎರಡು ಮಾಡಿ. ಏಳು ಸಲದಲ್ಲಿ ನೂರು ಗುಂಡಿಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಕನೆಕ್ಟರ್ ಒರೆಸಿ ಟೇಪ್ ಸುತ್ತಿ ಬಿಡುವುದು ದುರಸ್ತಿ ಅಲ್ಲ. ಹೊಸ ಕಿಟ್ ಹಾಕಿ, ಗುಂಡಿಯಿಂದ ನೀರು ಹರಿದುಹೋಗುವ ಪೈಪಿನಲ್ಲಿ ಕೂತ ಮಣ್ಣು ತೆಗೆಯಿರಿ.

ಎಲ್‌ಇಡಿ ದೀಪಗಳ ಗುಂಪು

ಏಪ್ರನ್‌ನಲ್ಲಿ, ಪಾರ್ಕಿಂಗ್‌ನಲ್ಲಿ ಹಳೆಯ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಿದ ವಾರದಿಂದಲೇ ದೂರು ಶುರುವಾದರೆ ಹೆಚ್ಚು ಯೋಚಿಸಬೇಕಿಲ್ಲ. ದೀಪಗಳ ರೇಡಿಯೋ ಗಲೀಜಿಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಮಾನದಂಡ ಸಿಐಎಸ್‌ಪಿಆರ್ 15ರ ಪರೀಕ್ಷೆ ಒಂದು ದೀಪಕ್ಕೆ ಮಾತ್ರ. ಅಂಥ 100 ದೀಪ ಒಟ್ಟಿಗೆ ಉರಿದರೆ ಒಟ್ಟು ಗಲೀಜು 20 ಡೆಸಿಬೆಲ್ ಏರುತ್ತದೆ. ದೂರವನ್ನು ಹತ್ತು ಪಟ್ಟು ಮಾಡಿದರೆ ಅಷ್ಟೇ 20 ಡೆಸಿಬೆಲ್ ಇಳಿಯುತ್ತದೆ. ಲೆಕ್ಕ ಇಷ್ಟೇ: ಒಂದು ದೀಪಕ್ಕೆ ರಿಸೀವರ್ ಆಂಟೆನಾದಿಂದ 10 ಮೀಟರ್ ದೂರ ಸಾಕಾಗಿದ್ದರೆ ನೂರಕ್ಕೆ 100 ಮೀಟರ್ ಬೇಕು. ದೀಪದ ಕಂಬಕ್ಕೇ ಆಂಟೆನಾ ಕಟ್ಟಿ ಜಾಗ ಉಳಿಸುವವರಿಗೆ ಇದನ್ನು ತೋರಿಸಿ.

ಕೆಟ್ಟ ಡ್ರೈವರ್ ಯಾವುದು ಎಂದು ತಿಳಿಯಲು ಆರ್‌ಜಿ-58 ಕೇಬಲ್ ತುದಿಯಲ್ಲಿ 3 ಸೆಂಟಿಮೀಟರ್ ಅಗಲದ ಒಂದು ಸುತ್ತು ಮಾಡಿ ಇನ್ಸುಲೇಷನ್ ಟೇಪ್ ಸುತ್ತಿದರೆ ಪ್ರೋಬ್ ಸಿದ್ಧ. ಅದನ್ನು ಪ್ರತಿ ದೀಪದ ಸಪ್ಲೈ ವೈರ್ ಪಕ್ಕ ಹಿಡಿದು ಓದು ಬರೆದುಕೊಳ್ಳಿ. ನೂರರಲ್ಲಿ ಮೂರ್ನಾಲ್ಕು ಮಾತ್ರ ಉಳಿದವಕ್ಕಿಂತ ತೀರ ಜೋರಾಗಿದ್ದರೆ ಅವುಗಳ ಡ್ರೈವರ್‌ನಲ್ಲಿ ಕೆಪಾಸಿಟರ್ ಒಣಗಿದೆ, ಡ್ರೈವರ್ ಬದಲಿಸಿ. ಎಲ್ಲವೂ ಸಮನಾಗಿ ಗಲೀಜಾಗಿದ್ದರೆ ಮಾಡೆಲ್ಲೇ ಫಿಲ್ಟರ್ ಇಲ್ಲದ್ದು.

ಫೆರೈಟ್ ಹಾಕುವುದಾದರೆ ಫೇಸ್, ನ್ಯೂಟ್ರಲ್, ಅರ್ತ್ ಮೂರನ್ನೂ ಒಂದೇ ಕ್ಲ್ಯಾಂಪ್ ಒಳಗೆ ಹಾಯಿಸಿ, ಡ್ರೈವರ್‌ಗೆ ಆದಷ್ಟು ಹತ್ತಿರ. ಏರ್‌ಬ್ಯಾಂಡಿಗೆ 31 ಅಥವಾ 43ನೇ ನಂಬರಿನ ಫೆರೈಟ್ ಮಿಶ್ರಣ ಸರಿ. 61 ಇದಕ್ಕಿಂತ ಮೇಲಿನ ಆವರ್ತನಕ್ಕೆ. ಹೆಚ್ಚು ಸುತ್ತಿದಷ್ಟೂ ಒಳ್ಳೆಯದು ಎನ್ನುವುದು ಕೆಳಗಿನ ಆವರ್ತನದ ಮಾತು. 120 ಮೆಗಾಹರ್ಟ್ಸ್‌ನಲ್ಲಿ ಆರೇಳು ಸುತ್ತು ಹಾಕಿದರೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಮೂಲಕವೇ ಸಿಗ್ನಲ್ ದಾಟಿಬಿಡುತ್ತದೆ. ಒಂದು ಅಥವಾ ಎರಡು ಸುತ್ತು, ಬೇಕಾದರೆ ಎರಡು ಮೂರು ಕ್ಲ್ಯಾಂಪ್ ಸಾಲಾಗಿ.

ಲೈನ್ ಫಿಲ್ಟರ್ ಕೂರಿಸಿದಾಗ ಆಗುವ ಅನಾಹುತ ಬೇರೆ. ಫಿಲ್ಟರ್ ಒಳಗಿನ 4.7 ನ್ಯಾನೋಫ್ಯಾರಡ್‌ನ ಒಂದು ವೈ ಕೆಪಾಸಿಟರ್ (ಫೇಸ್ ಮತ್ತು ಅರ್ತ್ ನಡುವಿನದು) 230 ವೋಲ್ಟ್‌ನಲ್ಲಿ ಸುಮಾರು 0.34 ಮಿಲಿಆಂಪಿಯರ್ ಅರ್ತ್‌ಗೆ ಬಿಡುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಅರ್ತ್‌ಗೆ ಸೋರಿದರೆ ಟ್ರಿಪ್ ಆಗುವ ಸ್ವಿಚ್) 15 ದಾಟಿದ ಮೇಲೆ ಯಾವಾಗ ಬೇಕಾದರೂ ಟ್ರಿಪ್ ಆಗಬಹುದು. ಹಾಗಾಗಿ ಒಂದೇ ಫೇಸಿನ ಆರ್‌ಸಿಸಿಬಿ ಮೇಲೆ ನಲವತ್ತೈದು ದೀಪಕ್ಕೆ ಫಿಲ್ಟರ್ ಹಾಕಿದರೆ ಸದ್ದು ನಿಂತು ದೀಪವೂ ನಿಲ್ಲುತ್ತದೆ. ಸರ್ಕಿಟ್ ಹಂಚಿ. ಫಿಲ್ಟರಿನ ಒಳಬರುವ ವೈರ್, ಹೊರಹೋಗುವ ವೈರ್ ಎರಡನ್ನೂ ಒಂದೇ ಕಟ್ಟಾಗಿ ಬಿಗಿಯಬೇಡಿ. ಗಲೀಜು ಫಿಲ್ಟರಿನ ಗೊಡವೆಯೇ ಇಲ್ಲದೆ ಹಾರಿಕೊಳ್ಳುತ್ತದೆ.

ಮೋಟಾರ್ ಡ್ರೈವ್‌ಗಳು (ಬ್ಯಾಗೇಜ್ ಬೆಲ್ಟ್, ಎಸಿ ಬ್ಲೋವರ್, ನೀರಿನ ಪಂಪ್) ಕೇಳುವುದು ಮೂರೇ: ಡ್ರೈವ್‌ನಿಂದ ಮೋಟಾರ್‌ವರೆಗೆ ಶೀಲ್ಡ್ ಇರುವ ಕೇಬಲ್, ಶೀಲ್ಡನ್ನು ಜಡೆ ಹೆಣೆದು ಸ್ಕ್ರೂಗೆ ಸಿಕ್ಕಿಸದೆ ಎರಡೂ ತುದಿಯಲ್ಲಿ ಸುತ್ತಲೂ ಕಚ್ಚುವ ಕ್ಲ್ಯಾಂಪ್, ಮತ್ತು ಸಾಧ್ಯವಾದಷ್ಟು ಗಿಡ್ಡ ಕೇಬಲ್.

ಹಾಡು ಕೇಳಿದರೆ

ಎರಡು ಎಫ್‌ಎಂ ಸ್ಟೇಷನ್‌ಗಳು ಸೇರಿ ಮೂರನೆಯ ಆವರ್ತನ ಹುಟ್ಟಿಸಬಲ್ಲವು. ಒಂದರ ಎರಡು ಪಟ್ಟಿನಿಂದ ಇನ್ನೊಂದನ್ನು ಕಳೆಯಿರಿ: 107 ಮತ್ತು 95 ಇದ್ದರೆ 214ರಲ್ಲಿ 95 ಹೋಗಿ 119 ಮೆಗಾಹರ್ಟ್ಸ್. ಇದು ಹುಟ್ಟುವುದು ನಿಮ್ಮ ರಿಸೀವರ್‌ನಲ್ಲೋ ಹೊರಗೋ ಎನ್ನುವುದಕ್ಕೆ ಅಗ್ಗದ ಪರೀಕ್ಷೆ: ಆಂಟೆನಾ ಸಾಲಿನಲ್ಲಿ 3 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಣುಕು) ಹಾಕಿ. ಬೆರಕೆ ಸದ್ದು 3ರ ಬದಲು 9 ಡೆಸಿಬೆಲ್‌ನಷ್ಟು ಕುಸಿದರೆ ಅದು ರಿಸೀವರ್ ಒಳಗೇ ಹುಟ್ಟುತ್ತಿದೆ, ಎಫ್‌ಎಂ ತಡೆಯುವ ನಾಚ್ ಫಿಲ್ಟರ್ ಸಾಕು. 3ರಷ್ಟೇ ಇಳಿದರೆ ಹೊರಗೆ ಹುಟ್ಟಿದ್ದು. ಟ್ರಾನ್ಸ್‌ಮಿಟರ್ ಇರಬಹುದು, ತುಕ್ಕು ಹಿಡಿದ ಶೀಟಿನ ಮಾಡು, ಬೇಲಿಯ ಗಂಟು ಕೂಡ ಇರಬಹುದು. ಇನ್ನು 8 ಮೆಗಾಹರ್ಟ್ಸ್ ಅಗಲದ ಚಪ್ಪಟೆ ಗುಡ್ಡದಂಥ ಸದ್ದು ಕಂಡರೆ ಕೇಬಲ್ ಟಿವಿ. ಮರದಿಂದ ಮರಕ್ಕೆ ಕಟ್ಟಿದ ಕೇಬಲ್ಲನ್ನು ಅಳಿಲು ಕಡಿದ ಜಾಗದಲ್ಲಿ ಸಿಗ್ನಲ್ ಹೊರಗೆ ಸೋರುತ್ತದೆ; 108ರಿಂದ 174ರವರೆಗಿನ ಕೇಬಲ್ ಚಾನೆಲ್‌ಗಳು ಏರ್‌ಬ್ಯಾಂಡ್ ಮೇಲೆಯೇ ಕೂತಿರುತ್ತವೆ.

ಬರದಂತೆ ನೋಡಿಕೊಳ್ಳಲು

ಯಾವ ದೂರೂ ಇಲ್ಲದ ದಿನ ಬ್ಯಾಂಡ್‌ನ ಚಿತ್ರ ತೆಗೆದಿಡದೆ ಹೋದರೆ, ದೂರು ಬಂದ ದಿನ ಯಾವುದು ಹೊಸದು ಎಂದು ಹೇಳಲಾಗುವುದಿಲ್ಲ. ವರ್ಷಕ್ಕೆ ಮೂರು ಸಲ, ಮಾರ್ಚ್ ತಿಂಗಳ ಒಣ ಹವೆಯಲ್ಲಿ, ಜುಲೈನ ಮಳೆಯಲ್ಲಿ, ಡಿಸೆಂಬರ್‌ನ ಅಡಿಕೆ ಹಂಗಾಮಿನಲ್ಲಿ, ಒಂದೇ ಜಾಗ, ಒಂದೇ ಆಂಟೆನಾ, ಒಂದೇ ಸೆಟ್ಟಿಂಗ್‌ನಲ್ಲಿ ಸ್ಪೆಕ್ಟ್ರಮ್ ಉಳಿಸಿ. ದೀಪ, ಡ್ರೈವ್, ಸೋಲಾರ್ ಇನ್ವರ್ಟರ್ ಏನೇ ಹೊಸದಾಗಿ ಹಾಕಿದರೂ ಗುತ್ತಿಗೆದಾರನ ಬಿಲ್ ಪಾಸ್ ಮಾಡುವ ಮೊದಲು ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ, ಅದೇ ಜಾಗದಿಂದ ಮತ್ತೊಂದು ಚಿತ್ರ ತೆಗೆಯಿರಿ. ಈ ಷರತ್ತು ಟೆಂಡರ್ ಕಾಗದದಲ್ಲೇ ಇರಬೇಕು. ಆಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೂಲ ನಿಲ್ದಾಣದ ಗಡಿಯಾಚೆ ಇದ್ದು ಮಾತಿನಿಂದ ಬಗೆಹರಿಯದಿದ್ದರೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ನಿಗಾ ವಿಭಾಗಕ್ಕೆ ಬರೆಯಬೇಕು. ದೂರಿನ ಜೊತೆ ಆವರ್ತನ, ದಿನಾಂಕ ಮತ್ತು ವೇಳೆ, ಸದ್ದಿನ ರೆಕಾರ್ಡಿಂಗ್, ಮೊದಲಿನ ಮತ್ತು ಈಗಿನ ಸ್ಪೆಕ್ಟ್ರಮ್ ಚಿತ್ರ, ಮೂರು ಜಾಗದಿಂದ ಎಳೆದ ದಿಕ್ಕಿನ ಗೆರೆಗಳಿರುವ ನಕ್ಷೆ, ಡಮ್ಮಿ ಲೋಡ್ ಪರೀಕ್ಷೆಯ ಫಲ ಇವಿಷ್ಟನ್ನು ಲಗತ್ತಿಸಿ. ಡಮ್ಮಿ ಲೋಡ್ ಫಲ ಇಲ್ಲದಿದ್ದರೆ, ಮೊದಲು ಅದನ್ನು ಮಾಡಿ ಎಂದು ಕಾಗದ ವಾಪಸ್ ಬರುತ್ತದೆ.